ಬರಿದಾದ ಆಸನಗಳು

ಆಟಕ್ಕೆ ಆಟಗಾರನು ದೇಹವಾದರೆ ಪ್ರೇಕ್ಷಕನು ಉಸಿರು. ನೋಡುವವರಿಲ್ಲದ ಆಟವು ವ್ಯಾಯಾಮವಾದೀತೇ ಹೊರತು ಉತ್ಸವವಾಗಲಾರದು. ಕಾಲ್ಚೆಂಡಾಟದ ತವರೆನಿಸಿದ ಇಂಗ್ಲೆಂಡಿನಲ್ಲಿ ಈ ಉತ್ಸವಕ್ಕೆ ಎರಡು ಬಗೆಯ ಕುಂದು ತಗಲಿದೆ. ಪ್ರಸಿದ್ಧ ಕ್ಲಬ್ಬುಗಳ ಕ್ರೀಡಾಂಗಣಗಳು ತುಂಬಿ ತುಳುಕುತ್ತವೆ. ಆದರೆ ಅಲ್ಲಿಯ ಟಿಕೆಟ್ಟು ದುಡಿದುಣ್ಣುವವನ ಕೈಗೆಟುಕದು. ಕೆಳಗಿನ ವರ್ಗಗಳಲ್ಲಿ ಆಡುವ ಅನೇಕ ಚಿಕ್ಕ ಕ್ಲಬ್ಬುಗಳಲ್ಲಿಯಾದರೋ ಆಸನಗಳೇ ಬರಿದಾಗಿ ಉಳಿಯುತ್ತವೆ.

2016ರ ಫೆಬ್ರವರಿಯಲ್ಲಿ, ಲಿವರ್‌ಪೂಲ್ ಕ್ಲಬ್ಬು ತನ್ನ ಅತ್ಯುಚ್ಚ ಟಿಕೆಟ್ಟಿಗೆ 77 ಪೌಂಡು ಬೆಲೆ ಕಟ್ಟಲು ಹೊರಟಾಗ, ಸಹಸ್ರಾರು ಅಭಿಮಾನಿಗಳು ಪಂದ್ಯದ 77ನೆಯ ನಿಮಿಷದಲ್ಲಿ ಎದ್ದು ಹೊರನಡೆದರು. ಒಡೆಯರು ಕೆಲವೇ ದಿನಗಳಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ದೊಡ್ಡ ಕ್ಲಬ್ಬಿನ ಪ್ರೇಕ್ಷಕನು ಎದ್ದುಹೋದರೆ ಲೋಕವೇ ತಿರುಗಿ ನೋಡುತ್ತದೆ. ಚಿಕ್ಕ ಕ್ಲಬ್ಬಿನ ಪ್ರೇಕ್ಷಕನು ಮಾತ್ರ ಸದ್ದಿಲ್ಲದೆ ಮನೆಯಲ್ಲಿಯೇ ಉಳಿಯುತ್ತಾನೆ. ಬಂದ ಕೆಲವರಿಂದಲೇ ನಷ್ಟವನ್ನು ತುಂಬಿಕೊಳ್ಳಹೋದರೆ ಆ ಕೆಲವರೂ ದೂರವಾಗುತ್ತಾರೆ.

ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದುದು ಬ್ರಾಡ್‌ಫರ್ಡ್ ಸಿಟಿ. 2007ರಲ್ಲಿ ಆ ಕ್ಲಬ್ಬು ನಾಲ್ಕನೆಯ ವರ್ಗಕ್ಕೆ ಕುಸಿಯಿತು. ಅದರ ವ್ಯಾಲಿ ಪೆರೇಡ್ ಕ್ರೀಡಾಂಗಣದಲ್ಲಿ ಸುಮಾರು 25,000 ಜನ ಕೂಡಬಹುದು. ಆಸನಗಳು ಬರಿದಾಗುವುದನ್ನು ನೋಡುತ್ತ ಕುಳಿತುಕೊಳ್ಳದೆ ಕ್ಲಬ್ಬು ಇಡೀ ಋತುವಿನ ಟಿಕೆಟ್ಟನ್ನು 138 ಪೌಂಡಿಗೆ ಇಳಿಸಿತು. ತವರಿನ 23 ಪಂದ್ಯಗಳಿಗೆ ಹಂಚಿದರೆ ಒಂದಕ್ಕೆ ಆರೇ ಪೌಂಡು! ಆ ವರ್ಗದ ಹೆಚ್ಚಿನ ಕ್ಲಬ್ಬುಗಳಿಗೆ ಐದು ಸಾವಿರ ಜನ ಸೇರುವುದೇ ಅಪರೂಪವಾಗಿದ್ದಾಗ ಇಲ್ಲಿ ಸರಾಸರಿ ಹತ್ತು ಸಾವಿರಕ್ಕೂ ಮಿಕ್ಕಿದ ಜನ ಸೇರಿದರು.

ಅಗ್ಗದ ಟಿಕೆಟ್ಟು ಗೆಲುವನ್ನು ತರುವುದೇ ಎಂದು ಕೇಳಬಹುದು. ತರದು. ಬ್ರಾಡ್‌ಫರ್ಡ್ ಕ್ಲಬ್ಬು ಆರು ಋತುಗಳ ಕಾಲ ಅದೇ ವರ್ಗದಲ್ಲಿ ತೊಳಲಿತು. 2013ರಲ್ಲಿ ಲೀಗ್ ಕಪ್ಪಿನ ಅಂತಿಮ ಪಂದ್ಯವನ್ನು ತಲಪಿ, ಅದೇ ವರ್ಷ ಮೇಲಿನ ವರ್ಗಕ್ಕೂ ಏರಿತು. ಆದರೆ ಗೆಲುವಿಲ್ಲದ ವರ್ಷಗಳಲ್ಲಿಯೂ ಜನ ಬರುವುದನ್ನು ಬಿಡಲಿಲ್ಲವೆಂಬುದೇ ಇಲ್ಲಿ ಗಣ್ಯವಾದ ಸಂಗತಿ. ಬರಿದಾದ ಆಸನದಿಂದ ಬಿಡಿಗಾಸೂ ಹುಟ್ಟದು. ಆಟಗಾರರ ಸಂಬಳವೂ ದೀಪದ ವೆಚ್ಚವೂ ಅದರಿಂದ ತಗ್ಗವು. ಅದೇ ಆಸನದಲ್ಲಿ ತಂದೆಯ ಮಗ್ಗುಲಲ್ಲಿ ಕುಳಿತ ಬಾಲಕನು ಮುಂದಿನ ಐವತ್ತು ವರ್ಷಗಳ ಪ್ರೇಕ್ಷಕನು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಆದರೂ ಈ ಹೊರೆಯನ್ನು ಚಿಕ್ಕ ಕ್ಲಬ್ಬುಗಳ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 1983ರವರೆಗೆ ಇಂಗ್ಲೆಂಡಿನ ಲೀಗ್ ಪಂದ್ಯಗಳ ಪ್ರವೇಶಧನದಲ್ಲಿ ಅತಿಥಿ ಕ್ಲಬ್ಬಿಗೂ ಒಂದು ಪಾಲು ಸಲ್ಲುತ್ತಿದ್ದಿತು. ಆ ವರ್ಷ ಆ ಪದ್ಧತಿ ಅಳಿಯಿತು. 1992ರಲ್ಲಿ ಅಗ್ರವರ್ಗದ ಕ್ಲಬ್ಬುಗಳು ಪ್ರೀಮಿಯರ್ ಲೀಗ್ ಎಂಬ ಹೆಸರಿನಿಂದ ಬೇರೆಯಾದ ಮೇಲೆ ದೂರದರ್ಶನ ಪ್ರಸಾರದ ಹಣದ ಸಿಂಹಪಾಲು ಅವುಗಳದೇ ಆಯಿತು. ಎದುರಾಳಿಯಿಲ್ಲದೆ ಯಾವ ತಂಡವೂ ಆಡಲಾರದು. ಆದುದರಿಂದ ಎದುರಾಳಿಯ ಯೋಗಕ್ಷೇಮವೂ ತನ್ನದೇ ಎಂಬ ವಿವೇಕ ಬಲ್ಲಿದರಿಗೆ ಇರಬೇಕು. ಮೇಲಿನ ಸಂಪತ್ತಿನ ನ್ಯಾಯವಾದ ಪಾಲು ಕೆಳಗಿಳಿದು, ಕೆಳಗಿನ ಟಿಕೆಟ್ಟು ಬಡವನ ಕೈಗೆಟುಕುವಂತಾಗಬೇಕು.

ಕ್ರೀಡಾಂಗಣದ ಶ್ರೀಮಂತಿಕೆಯನ್ನು ಕಟ್ಟಡದ ಎತ್ತರದಿಂದಲ್ಲ, ಬಾಗಿಲಿನ ಅಗಲದಿಂದ ಅಳೆಯಬೇಕು. ಆಟದ ಬಯಲಿನಲ್ಲಿ ಬೆಳೆಯುತ್ತಿರುವ ವಿದ್ಯಾರ್ಥಿಗಳು ಈ ಮಾತನ್ನು ಮನನ ಮಾಡಿಕೊಳ್ಳುವುದು ಉಚಿತ.