ಎರಡನೆಯ ಸಾಕ್ಷಿ ಯಾರು?

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವ ವಿಷಯದ ಕುರಿತಾದುದು ಎಂದು ಮದ್ರಸಾದ ಮಕ್ಕಳನ್ನು ಕೇಳಿದರೆ ಹೆಚ್ಚಿನವರು ನಮಾಝ್ ಎನ್ನುತ್ತಾರೆ, ಇಲ್ಲವೇ ಉಪವಾಸ ಎನ್ನುತ್ತಾರೆ. ವಾಸ್ತವದಲ್ಲಿ ಅದು (ಅಲ್ ಬಕರ: 282) ಸಾಲದ ವ್ಯವಹಾರದ ಕುರಿತಾದುದು. ವ್ಯವಹಾರವನ್ನು ಬರೆದಿಡಬೇಕು, ಅದಕ್ಕೆ ಸಾಕ್ಷಿಗಳಿರಬೇಕು ಎಂಬುದು ಅದರ ಬೋಧನೆ. ಈ ಎಚ್ಚರಿಕೆಯ ಉದ್ದೇಶ ಪರಸ್ಪರ ಸಂಶಯವಲ್ಲ, ಹಕ್ಕುಗಳ ರಕ್ಷಣೆ. ನಮ್ಮ ಮೊಬೈಲಿನ ಖಾತೆಗಳು ಎರಡು ಹಂತದ ಲಾಗಿನ್ ಕೇಳುವುದರ ಹಿಂದೆಯೂ ಇಂತಹುದೇ ವಿವೇಕವಿದೆ. ಪಾಸ್‌ವರ್ಡ್ ಮೊದಲನೆಯ ಸಾಕ್ಷಿ. ಎರಡನೆಯ ಸಾಕ್ಷಿ ಎಷ್ಟು ನಂಬಲರ್ಹ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇಷ್ಟು ಕಾಲ ಆ ಸ್ಥಾನದಲ್ಲಿದ್ದುದು ಎಸ್‌ಎಂಎಸ್ ಮೂಲಕ ಬರುವ ಒಟಿಪಿ. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯಗೊಳಿಸಿದ ಬಳಿಕ ಒಟಿಪಿ ನಮ್ಮ ಮನೆಮಾತಾಯಿತು. ಅದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದು ದುರ್ಬಲ ಸಾಕ್ಷಿ. ನಮ್ಮ ಹೆಸರಿನಲ್ಲಿ ಮೋಸದಿಂದ ನಕಲಿ ಸಿಮ್ ಪಡೆದವನ ಕೈಗೆ ಅದು ಸಲೀಸಾಗಿ ಸೇರುತ್ತದೆ. ನಯವಾಗಿ ಮಾತನಾಡಿ ಕೇಳಿದವನಿಗೆ ನಾವೇ ಅದನ್ನು ಓದಿ ಹೇಳುತ್ತೇವೆ.

ಕಳೆದ ರಮಝಾನಿನಲ್ಲಿ ನಮ್ಮ ಮಹಲ್ಲಾದ ಹಿರಿಯರೊಬ್ಬರಿಗೆ ಆದದ್ದು ಇದೇ. ಪರಿಚಿತನ ಹೆಸರು ಹೇಳಿಕೊಂಡು ಕರೆ ಮಾಡಿದವನಿಗೆ ಅವರು ಆರು ಅಂಕಿಗಳನ್ನು ಹೇಳಿಬಿಟ್ಟರು. ಇಫ್ತಾರ್ ಆಗುವಷ್ಟರಲ್ಲಿ ಅವರ ಹೆಸರಿನಿಂದ ಎಲ್ಲರಿಗೂ ಸಂದೇಶ ಹೋಗಿತ್ತು: ತುರ್ತಾಗಿ ಹಣ ಬೇಕು, ನಾಳೆ ಮರಳಿಸುವೆ. ಇಬ್ಬರು ಹಿಂದುಮುಂದು ನೋಡದೆ ಕಳುಹಿಸಿದರು, ಏಕೆಂದರೆ ಝಕಾತ್ ಸಂಗ್ರಹದ ಲೆಕ್ಕ ಅವರ ಕೈಯಲ್ಲೇ ಇತ್ತು. ಆ ಹಣವನ್ನು ಹಿರಿಯರು ತಮ್ಮ ಜೇಬಿನಿಂದ ತುಂಬಿಕೊಟ್ಟರು. ಯಾರೂ ಅವರನ್ನು ದೂರಲಿಲ್ಲ. ಆದರೂ ಈದ್ ಕಳೆದ ಮೇಲೆ ಅವರು ಲೆಕ್ಕದ ಪುಸ್ತಕವನ್ನು ತಂದು ಸಮಿತಿಯ ಮುಂದಿಟ್ಟು, ಇನ್ನು ತಮ್ಮಿಂದಾಗದು ಎಂದರು. ಕಳ್ಳರು ಒಯ್ದ ಹಣಕ್ಕಿಂತ ಈ ನಷ್ಟವೇ ನಮಗೆ ದೊಡ್ಡದಾಗಿ ಕಂಡಿತು.

ಆದ್ದರಿಂದ ಹೊಸ ವಿಧಾನಗಳಿಗೆ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದು ಅಥೆಂಟಿಕೇಟರ್ ಆ್ಯಪ್. ಅದು ಫೋನಿನೊಳಗೇ ಪ್ರತಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ರಚಿಸುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ನಕಲಿ ಸಿಮ್‌ನಿಂದ ಅದನ್ನು ಕದಿಯಲಾಗದು. ಆದರೆ ಕೇಳಿದವನಿಗೆ ಓದಿ ಹೇಳುವ ಅಪಾಯ ಅಲ್ಲಿಯೂ ಉಳಿದಿದೆ.

ಎರಡನೆಯದು ಪಾಸ್‌ಕೀ. ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರಲ್ಲಿ ಇದಕ್ಕೆ ಒಟ್ಟಾಗಿ ಬೆಂಬಲ ಘೋಷಿಸಿದವು. 2023ರಲ್ಲಿ ಗೂಗಲ್ ಖಾತೆಗಳಿಗೂ ಬಂತು. ಇಲ್ಲಿ ಜೋಡಿ ಕೀಲಿಗಳಿವೆ. ಒಂದು ಜಾಲತಾಣದ ಬಳಿ ಇರುತ್ತದೆ, ರಹಸ್ಯವಾದುದು ನಮ್ಮ ಬಳಿಯೇ ಉಳಿಯುತ್ತದೆ. ಬೆರಳಚ್ಚು, ಮುಖ ಅಥವಾ ಫೋನಿನ ಪಿನ್‌ನಿಂದ ಅದು ತೆರೆದುಕೊಳ್ಳುತ್ತದೆ. ಬೆರಳಚ್ಚು ಫೋನನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ನಿಜವಾದ ವಿಳಾಸದ ಹೊರತು ಬೇರಾವ ನಕಲಿ ಪುಟಕ್ಕೂ ಈ ಕೀಲಿ ಓಗೊಡುವುದಿಲ್ಲ. ಮುಖ್ಯವಾಗಿ, ಕರೆ ಮಾಡಿದವನಿಗೆ ಓದಿ ಹೇಳಲು ಇಲ್ಲಿ ಸಂಖ್ಯೆಯೇ ಇಲ್ಲ.

ಇದೆಲ್ಲ ವಯಸ್ಸಾದವರಿಗೆ ಕಷ್ಟವೆಂದು ಕೆಲವರು ಹೇಳುತ್ತಾರೆ. ಆರು ಅಂಕಿಗಳನ್ನು ಕನ್ನಡಕವಿಲ್ಲದೆ ಓದಿ, ಸಮಯ ಮುಗಿಯುವ ಮೊದಲು ಒತ್ತುವುದಕ್ಕಿಂತ ಬೆರಳಿಡುವುದು ಸುಲಭವಲ್ಲವೇ? ನಿಜವಾದ ತೊಡಕು ಬೇರೆಡೆ ಇದೆ. ನಮ್ಮ ಅನೇಕ ಮನೆಗಳಲ್ಲಿ ಒಂದೇ ಫೋನನ್ನು ಎಲ್ಲರೂ ಬಳಸುತ್ತಾರೆ, ಅದರ ಪಿನ್ ಚಿಕ್ಕ ಮಕ್ಕಳಿಗೂ ಗೊತ್ತಿರುತ್ತದೆ. ಪಿನ್ ಬಲ್ಲವನಿಗೆ ಪಾಸ್‌ಕೀಯೂ ತೆರೆದುಕೊಳ್ಳುತ್ತದೆ. ಹಾಗಾಗಿ ಮೊದಲು ಆ ಪಿನ್ ಬದಲಾಯಿಸಬೇಕು. ಫೋನ್ ಕಳೆದರೆ ಏನು ಗತಿ ಎಂಬ ಭಯಕ್ಕೂ ಪರಿಹಾರವಿದೆ. ಹಲವು ಖಾತೆಗಳು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು, ಜಮೀನಿನ ಪತ್ರಗಳ ಜೊತೆ ಜೋಪಾನವಾಗಿಟ್ಟರಾಯಿತು.

ಯುವಕರಿಗೆ ಒಂದು ಮಾತು. ತಂದೆಯ ಖಾತೆಯನ್ನು ನಿಮ್ಮ ಫೋನಿಗೆ ಜೋಡಿಸಿ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಅದು ಸೇವೆಯಂತೆ ಕಂಡರೂ ಅವರ ಕೀಲಿಕೈಯನ್ನು ಕಿತ್ತುಕೊಂಡಂತೆಯೇ. ಪಕ್ಕದಲ್ಲಿ ಕುಳಿತು, ಅವರ ಕೈಯಿಂದಲೇ, ಅವರ ಫೋನಿನಲ್ಲೇ ಮಾಡಿಸಿರಿ. ಎರಡು ಬಾರಿ ಕೇಳಿದರೆ ಮೂರನೆಯ ಬಾರಿಯೂ ತಾಳ್ಮೆಯಿಂದ ಹೇಳಿರಿ.

ಇತರರನ್ನು ತಿದ್ದುವ ಮುನ್ನ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮದ್ರಸಾದ ಇಮೇಲ್ ಖಾತೆಯ ಪಾಸ್‌ವರ್ಡ್ ಬಹುಕಾಲ ನಮ್ಮ ಹಾಜರಿ ಪುಸ್ತಕದ ಹಿಂಬದಿಯಲ್ಲಿತ್ತು. ಮಕ್ಕಳ ಹೆಸರು, ಪೋಷಕರ ಫೋನ್ ಸಂಖ್ಯೆಗಳು ಆ ಖಾತೆಯಲ್ಲಿವೆ. ಅವು ನಮ್ಮದಲ್ಲ, ನಮ್ಮನ್ನು ನಂಬಿ ಒಪ್ಪಿಸಿದ ಅಮಾನತ್ತು. ಹಿರಿಯರ ಘಟನೆಯ ಬಳಿಕವೇ ನಾವು ಆ ಪುಟವನ್ನು ಹರಿದು ಪಾಸ್‌ವರ್ಡ್ ಬದಲಾಯಿಸಿ, ಪಾಸ್‌ಕೀ ಹಾಕಿಕೊಂಡೆವು. ಅದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಬರುವ ಶುಕ್ರವಾರ ಜುಮಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ಅರ್ಧ ಗಂಟೆ ಈ ಕೆಲಸಕ್ಕೆಂದೇ ಮೀಸಲಿಡೋಣ. ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಬೇಕೆಂದೂ ಅಲ್ಲಿ ತಿಳಿಸೋಣ. ಆ ಹಿರಿಯರನ್ನೂ ಕರೆಯುತ್ತೇವೆ. ಅವರ ಫೋನಿನಿಂದಲೇ ಆರಂಭಿಸಿ, ಲೆಕ್ಕದ ಪುಸ್ತಕವನ್ನು ಮತ್ತೆ ಅವರ ಕೈಗೊಪ್ಪಿಸಬೇಕೆಂಬುದು ನಮ್ಮ ಆಶಯ. ಇನ್ ಶಾ ಅಲ್ಲಾಹ್.