ಮೊಬೈಲು ಒಟ್ಟಿಗೇ ಕೆಳಗಿಟ್ಟ ಊರು

ಬೆಳಗಾವಿಯ ಗಡಿಗೆ ಅಂಟಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿದೆ. ಸುಮಾರು ಮೂರು ಸಾವಿರ ಜನ. ಹೆಚ್ಚಿನವರು ರೈತರು, ಸಕ್ಕರೆ ಕಾರ್ಖಾನೆಗೆ ದುಡಿಯಲು ಹೋಗುವವರು. 2022ರ ಆಗಸ್ಟಿನಲ್ಲಿ ಈ ಊರು ಒಂದು ಕಟ್ಟುಪಾಡು ಮಾಡಿಕೊಂಡಿತು. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗಿದರೆ ಮನೆಮನೆಯ ಟಿ.ವಿ., ಮೊಬೈಲು ಬಂದ್. 8.30ಕ್ಕೆ ಮತ್ತೆ ಕೂಗುವವರೆಗೆ ಓದು, ಬರಹ, ಮಾತುಕತೆ.

ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಸೇರಿದ ಮೊಬೈಲು ಶಾಲೆ ತೆರೆದ ಮೇಲೂ ಕೆಳಗಿಳಿದಿರಲಿಲ್ಲ. ಸರಪಂಚ ವಿಜಯ ಮೋಹಿತೆ ಈ ಯೋಚನೆ ಮುಂದಿಟ್ಟಾಗ ಊರಿನ ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ತಾವು ಧಾರಾವಾಹಿ ನೋಡುವುದು ಹೆಚ್ಚಾಗಿದೆ ಎಂದು ಸಭೆಯಲ್ಲೇ ಒಪ್ಪಿಕೊಂಡು ಬೆಂಬಲಕ್ಕೆ ನಿಂತರು. ಆಮೇಲೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಮನೆಮನೆ ತಿರುಗಿ ತಿಳಿಹೇಳಿದರು.

ಎಲ್ಲರೂ ಒಂದೇ ಹೊತ್ತಿಗೆ ಮೊಬೈಲು ಕೆಳಗಿಟ್ಟದ್ದು ಇಲ್ಲಿ ಮುಖ್ಯ. ಮನೆಯಲ್ಲಿ ಒಬ್ಬರೇ ಇಟ್ಟರೆ ಅವರ ಮಾತಿಗೆ ಸಿಗುವುದು ತಲೆ ಎತ್ತದ 'ಹ್ಞೂಂ' ಮಾತ್ರ. ಐದು ನಿಮಿಷ ಕಾದು ಅವರೂ ಮೊಬೈಲು ಎತ್ತಿಕೊಳ್ಳುತ್ತಾರೆ. ಇದನ್ನು ಅವರ ಮನಸ್ಸಿನ ದೌರ್ಬಲ್ಯ ಎನ್ನುವುದು ಅನ್ಯಾಯ. ಎದುರಿಗೆ ಇರುವ ಯಂತ್ರವೂ ಸಾಮಾನ್ಯದ್ದಲ್ಲ: ಬೆರಳು ಆಡಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಆಝಾ ರಾಸ್ಕಿನ್, ಅದರ ಪರಿಣಾಮ ಕಂಡು ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು.

ಚಟವಾಗುವಷ್ಟು ನೋಡಿದರೆ ಮಾತ್ರ ತೊಂದರೆ ಎಂದೂ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮುನ್ನೂರಕ್ಕೂ ಹೆಚ್ಚು ಜನರನ್ನು ಗೆಳೆಯರ, ಮನೆಯವರ ಜೊತೆ ಹೋಟೆಲಿನಲ್ಲಿ ಊಟಕ್ಕೆ ಕೂರಿಸಿದರು. ಕೆಲವು ಗುಂಪಿನವರ ಫೋನು ಮೇಜಿನ ಮೇಲೆ, ಉಳಿದವರದು ಕಣ್ಣಿಗೆ ಬೀಳದ ಕಡೆ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಫೋನು ಮೇಜಿನ ಮೇಲಿದ್ದವರ ಗಮನ ಹೆಚ್ಚು ಚದುರಿತ್ತು, ಊಟದ ಖುಷಿ ಕಡಿಮೆಯಾಗಿತ್ತು. ವ್ಯತ್ಯಾಸ ಸಣ್ಣದು, ನಿಜ. ಆದರೆ ಜೊತೆಗೆ ಕೂತು ಉಣ್ಣುವುದು ದಿನನಿತ್ಯದ ಸಂಗತಿ. ಪ್ರತಿ ಊಟದಲ್ಲೂ ಇಷ್ಟಿಷ್ಟು ಕಳೆದುಕೊಂಡರೆ ವರ್ಷದ ಕೊನೆಗೆ ಆ ನಷ್ಟ ಸಣ್ಣದಾಗಿ ಉಳಿಯುವುದಿಲ್ಲ.

ಇಂಥ ಕಟ್ಟುಪಾಡು ಮಾಡಿಕೊಂಡರೂ ಆಸ್ಪತ್ರೆಯಲ್ಲಿ ರೋಗಿಯಿರುವ ಮನೆ, ರಾತ್ರಿ ಪಾಳಿಯ ಕೆಲಸದವರು, ದೂರದ ಊರಿನ ಮಗಳ ಕರೆಗೆ ಕಾಯುವ ಅಜ್ಜಿ, ಇವರಿಗೆಲ್ಲ ವಿನಾಯಿತಿ ಇರಲೇಬೇಕು. ದಂಡ ಹಾಕಿ, ಕಾವಲಿಟ್ಟು ಮಾಡಿಸುವ ಕೆಲಸವೂ ಇದಲ್ಲ.

ಕರ್ನಾಟಕದ ಗ್ರಾಮ ಪಂಚಾಯಿತಿಗಳು, ಅಪಾರ್ಟ್‌ಮೆಂಟಿನ ನಿವಾಸಿ ಸಂಘಗಳು ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ತರಲಿ. ಅಲ್ಲಿಯವರೆಗೆ ಪ್ರತಿ ಮನೆ ರಾತ್ರಿ ಊಟದ ಹೊತ್ತನ್ನಾದರೂ ಮೊಬೈಲಿಲ್ಲದ ಹೊತ್ತು ಎಂದು ಗೊತ್ತುಮಾಡಿಕೊಳ್ಳಲಿ. ಮಕ್ಕಳಿಗೆ ಹೇಳುವ ಮೊದಲು ಅಪ್ಪ ಅಮ್ಮ ತಮ್ಮ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಂದು ಊಟಕ್ಕೆ ಕೂರಲಿ.