ಮನೆ ಅದೇ, ಓನರ್ ಅವರೇ: ಮತ್ತೆ ಕಮಿಷನ್ ಯಾಕೆ?

ಬೆಂಗಳೂರಿನ ಪುಟ್ಟೇನಹಳ್ಳಿಯ ಬಾಡಿಗೆ ಮನೆಯಲ್ಲಿ ಹನ್ನೊಂದನೇ ತಿಂಗಳು ಶುರುವಾದರೆ ಬ್ರೋಕರ್ ಫೋನು ಬರುವುದುಂಟು. ‘ಸರ್, ಅಗ್ರಿಮೆಂಟ್ ಮುಗೀತಾ ಬಂತು. ಓನರ್ ಹತ್ರ ಮಾತಾಡಿ ರಿನ್ಯೂ ಮಾಡಿಸ್ತೀನಿ, ಅರ್ಧ ತಿಂಗಳ ಬಾಡಿಗೆ ಕೊಟ್ಟುಬಿಡಿ.’ ಬಾಡಿಗೆ 24 ಸಾವಿರವಿದ್ದರೆ ಇದೇ 12 ಸಾವಿರ. ಮಕ್ಕಳ ಸ್ಕೂಲು ಹತ್ತಿರವಿದೆ, ಮನೆ ಬದಲಿಸುವ ತಾಪತ್ರಯ ಬೇಡವೆಂದು ಜನ ಕೊಟ್ಟುಬಿಡುತ್ತಾರೆ. ಕೊಡಲೇಬೇಕೆಂಬ ಕಾನೂನು ಯಾವುದೂ ಇಲ್ಲ.

ಮನೆ ಹುಡುಕಿಕೊಟ್ಟವರಿಗೆ ಒಂದು ತಿಂಗಳ ಬಾಡಿಗೆ ಕೊಡುವುದು ಬೆಂಗಳೂರಿನ ರೂಢಿ. ಆ ರೂಢಿಗೆ ಆಧಾರ ನೀವು ಒಪ್ಪಿಕೊಂಡ ಮಾತು, 1872ರ ಕರಾರು ಕಾಯ್ದೆ. ಹಾಗಾಗಿ ಮೊದಲು ಹಳೆಯ ಅಗ್ರಿಮೆಂಟ್ ತೆಗೆದು ಓದಿ. ಪ್ರತಿ ನವೀಕರಣಕ್ಕೂ ಇಷ್ಟು ಕಮಿಷನ್ ಎಂದು ಬರೆದು ನೀವು ಸಹಿ ಹಾಕಿದ್ದರೆ ಬ್ರೋಕರ್ ಕೇಳಬಹುದು. ಅಂಥ ಒಪ್ಪಂದವೇ ಇಲ್ಲದಿದ್ದರೆ ಅವರ ಕೆಲಸ ಕೀಲಿ ಕೈಗೆ ಬಂದ ದಿನವೇ ಮುಗಿದಿದೆ. ಇ-ಸ್ಟಾಂಪ್ ಪೇಪರ್, ಟೈಪಿಂಗ್, ನೋಟರಿ ಖರ್ಚು ಬೇರೆ. ಅದು ನಿಜವಾದ ಖರ್ಚು, ಓನರ್ ಜೊತೆ ಹಂಚಿಕೊಳ್ಳುವುದು ನ್ಯಾಯ. ಈ ಸಣ್ಣ ಖರ್ಚನ್ನೂ ಕಮಿಷನ್ನನ್ನೂ ‘ರಿನ್ಯೂವಲ್ ಚಾರ್ಜ್’ ಎಂಬ ಒಂದೇ ಮೊತ್ತದಲ್ಲಿ ಸೇರಿಸಿದಾಗಲೇ ಬಾಡಿಗೆದಾರರು ಮೋಸಹೋಗುವುದು. ಬಿಡಿಬಿಡಿಯಾಗಿ ಲೆಕ್ಕ ಕೇಳಿ.

ಇಲ್ಲಿ ಕಾನೂನಿನ ರಕ್ಷಣೆ ತೆಳುವಾಗಿದೆ ಎಂಬುದನ್ನೂ ಹೇಳಲೇಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಆ ದರಕ್ಕೆ ಈಗ ಪುಟ್ಟೇನಹಳ್ಳಿಯಲ್ಲಿ ಸಂಸಾರಕ್ಕೆ ಆಗುವ ಮನೆ ಸಿಗುವುದಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಡುವುದು ಮಾರಾಟದ ಏಜೆಂಟರನ್ನು, ಬಾಡಿಗೆಯವರನ್ನಲ್ಲ. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಜಾರಿಯಾದ ಕಾಯ್ದೆ ಏಜೆಂಟರು ಬಾಡಿಗೆದಾರರಿಂದ ನವೀಕರಣ ಶುಲ್ಕ ಪಡೆಯುವುದನ್ನೇ ನಿಷೇಧಿಸಿತು. ನಮಗೂ ಅಂಥದ್ದೊಂದು ಬೇಕು.

‘ಅವಧಿ ಮುಗಿದರೆ ಮನೆ ಖಾಲಿ ಮಾಡಬೇಕಾಗುತ್ತೆ’ ಎಂಬ ಬೆದರಿಕೆಗೆ ಹೆದರಬೇಡಿ. ಅವಧಿ ಮುಗಿದ ಮೇಲೂ ನೀವು ಮನೆಯಲ್ಲಿದ್ದು, ಓನರ್ ಒಪ್ಪಿ ಬಾಡಿಗೆ ತೆಗೆದುಕೊಂಡರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ ಪ್ರಕಾರ ವಾಸದ ಮನೆಯ ಬಾಡಿಗೆ ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಬಿಡಿಸಬೇಕಾದರೆ 15 ದಿನಗಳ ನೋಟಿಸ್ ಬೇಕು. ಆದರೆ ಇದು ಭದ್ರವಾದ ನೆಲೆಯಲ್ಲ. ಹೊಸ ಕರಾರು ಮಾಡಿಕೊಳ್ಳುವುದೇ ಲೇಸು, ಅದನ್ನು ಓನರ್ ಜೊತೆ ನೇರವಾಗಿಯೇ ಮಾಡಿಕೊಳ್ಳಬಹುದು. ನವೀಕರಿಸುವುದು ಬಿಡುವುದು ಅವರ ಇಷ್ಟ, ನಿಜ. ಆದರೆ ಬ್ರೋಕರ್ ಬೇಕೇಬೇಕು ಎಂದು ಅವರು ಹಟ ಹಿಡಿದರೆ, ಆ ಕಮಿಷನ್ ಅವರೇ ಕೊಡಲಿ ಎಂದು ಕೇಳಲು ಸಂಕೋಚ ಬೇಡ.

ಕೊಡಲೇಬೇಕಾಗಿ ಬಂದರೆ ನಗದು ಕೊಡಬೇಡಿ. ಯಾವುದಕ್ಕೆ ಎಂದು ವಾಟ್ಸಾಪಿನಲ್ಲಿ ಬರೆಸಿಕೊಂಡು ಯುಪಿಐ ಮೂಲಕ ಕಳಿಸಿ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಹೊಸದಾಗಿ ಮನೆಗೆ ಸೇರುವವರು ಸಹಿ ಹಾಕುವ ಮುನ್ನವೇ ಈ ಸಾಲು ಸೇರಿಸಿಕೊಳ್ಳಿ: ‘ನವೀಕರಣದ ಸ್ಟಾಂಪ್ ಮತ್ತು ಟೈಪಿಂಗ್ ಖರ್ಚನ್ನು ಉಭಯ ಪಕ್ಷದವರು ಸಮನಾಗಿ ಭರಿಸತಕ್ಕದ್ದು, ಬಾಡಿಗೆದಾರರು ಬೇರೆ ಯಾವುದೇ ಕಮಿಷನ್ ಕೊಡಬೇಕಾಗಿಲ್ಲ.’